ಕುಂಟೆ ಏರಿಯ ಒಂಟಿ ಎಸಳು

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಯಶವಂತಪುರದ ಮಾರುಕಟ್ಟೆಗೆ ಹೋಗಬೇಡಿ. ಹೋಗಲೇಬೇಕಿದ್ದರೆ ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಹೋಗಿ. ಆ ಹೊತ್ತಿಗೆ ಹೂವು ಬಾಡುವ ಭಯ ಮಾರುವವರಿಗಿರುತ್ತದೆ, ನಮಗಿರುವುದಿಲ್ಲ. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಕೇಳಿದವರು ಕಡಿಮೆ.

ಹೋದ ವರ್ಷ ಗಣೇಶನ ಹಬ್ಬಕ್ಕೆ ಹಾಗೇ ಹೋಗಿದ್ದೆ. ಈಗ ಪತ್ರೆಗಳನ್ನೆಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ, ಬಾಯಿಗೆ ಪಿನ್ ಹೊಡೆದು ಮಾರುತ್ತಾರೆ. ಒಳಗೆ ಏನಿದೆ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ. ನಾನು ನೋಡುತ್ತೇನೆ. ದುಡ್ಡು ಕೊಡುವ ಮೊದಲು ಬಿಚ್ಚಿ ನೋಡಿ. ಕೊಟ್ಟ ಮೇಲೆ ನೋಡಿದರೆ ಅದು ಬರೀ ಸಂಕಟ. ಬಿಚ್ಚಿದೆ. ಮಾಚಿಪತ್ರೆ, ಬಿಲ್ವ, ಗರಿಕೆ, ತುಂಬೆ ಇದ್ದವು. ವಿಷ್ಣುಕ್ರಾಂತಿ ಇರಬೇಕಾದ ಜಾಗದಲ್ಲಿ ಬೇರೆ ಒಂದು ಕಡ್ಡಿ ಇತ್ತು. ಸಣ್ಣ, ತೆಳು ಎಲೆಯದು. ತುದಿಯಲ್ಲಿ ನಸುನೇರಳೆ ಬಣ್ಣದ ಒಂದೇ ಒಂದು ಎಸಳು ನಾಲಿಗೆಯ ಹಾಗೆ ಇಳಿಬಿದ್ದಿತ್ತು.

"ಇದು ವಿಷ್ಣುಕ್ರಾಂತಿ ಅಲ್ಲ ಕಣಮ್ಮ," ಎಂದೆ.

"ಅದೇ ಅಂಕಲ್. ನೋಡಿ, ಹೂವ್ ಸಮೇತ ಇದೆ."

"ವಿಷ್ಣುಕ್ರಾಂತಿ ಹೂವು ನೀಲಿ, ದುಂಡಗಿರುತ್ತೆ. ಇದು ಪುರುಷರತ್ನ."

"ಇಷ್ಟು ವರ್ಷದಲ್ಲಿ ನೀವೊಬ್ರೇ ಕೇಳಿದ್ದು. ಗಣೇಶ ಕೇಳಲ್ಲ ಬಿಡಿ. ಬೇಕಾದ್ರೆ ಒಂದು ಕಟ್ಟು ಗರಿಕೆ ಜಾಸ್ತಿ ಹಾಕ್ತೀನಿ."

ಗರಿಕೆ ಹಾಕಿಸಿಕೊಂಡೆ. ಕವರಿನ ಬಾಯಿಂದ ಬಂದ ವಾಸನೆ ಮಾತ್ರ ಮನೆಯವರೆಗೂ ಮೂಗಿನಲ್ಲೇ ಉಳಿಯಿತು. ಒದ್ದೆ ಎಲೆ, ಮಣ್ಣು, ಸ್ವಲ್ಪ ಕೊಳೆಯತೊಡಗಿದ ಹೂವು, ಇವೆಲ್ಲ ಸೇರಿದ ವಾಸನೆ. ಮುನಿಯಮ್ಮನವರ ಮನೆಯ ಬಿದಿರುಬುಟ್ಟಿಯ ವಾಸನೆ ಅದು. ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲ ಪೂರ್ತಿ ಆ ಬುಟ್ಟಿಯೊಳಗಿತ್ತು.

ಆಗ ಹೆಬ್ಬಾಳ ದಾಟಿದರೆ ಊರು ಮುಗಿಯುತ್ತಿತ್ತು. ಕೊಡಿಗೇಹಳ್ಳಿ ಕಡೆಗೆ ಹೋಗುವ ಹಾದಿಯಲ್ಲಿ ರಾಗಿ ಹೊಲ, ಅಲ್ಲೊಂದು ಇಲ್ಲೊಂದು ಇಟ್ಟಿಗೆ ಗೂಡು, ಮಧ್ಯೆ ಮಧ್ಯೆ ಕಲ್ಲು ನೆಟ್ಟು ಸುಣ್ಣ ಬಳಿದ ಸೈಟುಗಳು. ಬಡಾವಣೆಗಳ ಹೆಸರು ಹುಟ್ಟಿದ್ದವು, ಮನೆಗಳು ಹುಟ್ಟಿರಲಿಲ್ಲ. ನಾನು ಮರಳು, ಜಲ್ಲಿ ಸರಬರಾಜು ಮಾಡುತ್ತಿದ್ದೆ. ಎತ್ತಿನ ಗಾಡಿಯಲ್ಲಿ ಶುರು ಮಾಡಿ ಆ ಹೊತ್ತಿಗೆ ಒಂದು ಲಾರಿ ಮಾಡಿಕೊಂಡಿದ್ದೆ. ಒಂದು ಮನೆಯನ್ನೂ ಕಟ್ಟಿಸಿದ್ದೆ. ಅದರ ಪಕ್ಕದ ಭಾಗವನ್ನು ಬಾಡಿಗೆಗೆ ಬಿಟ್ಟಿದ್ದೆ. ಬಾಡಿಗೆದಾರರನ್ನು ಆರಿಸುವಾಗ ಸಂಬಳ ಎಷ್ಟೆಂದು ಕೇಳಬೇಡಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ಕೇಳಿ. ಬೇಗ ಏಳುವವರು ಮನೆ ಕೆಡಿಸುವುದಿಲ್ಲ.

ಸುಮಿತ್ರಾ ಪಾಟೀಲ ಬೇಗ ಏಳುತ್ತಿದ್ದರು. ಧಾರವಾಡದ ಕಡೆಯವರು. ಇಲ್ಲಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು, ತಾತ್ಕಾಲಿಕವಾಗಿ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ನನ್ನನ್ನು ಸಾವ್ಕಾರ್ರ ಎಂದು ಕರೆಯುತ್ತಿದ್ದರು. ಆ ಮಾತಿಗೆ ಬೇಕಾದಷ್ಟು ಆಸ್ತಿ ನನ್ನಲ್ಲಿರಲಿಲ್ಲ, ಆದರೆ ನಾನು ತಿದ್ದಲಿಲ್ಲ.

ಆ ವರ್ಷ ಡಾಕ್ಟರು ನನ್ನ ಸಕ್ಕರೆ ನೋಡಿ, ದಿನಾ ನಡೆಯಿರಿ ಎಂದರು. ನಡೆಯಲು ಇದ್ದದ್ದು ಒಂದೇ ದಾರಿ, ನಮ್ಮ ಮನೆ ಹಿಂದಿನ ಕುಂಟೆಯ ಏರಿ. ಕುಂಟೆ ಎಂದರೆ ಕೆರೆಯಷ್ಟು ದೊಡ್ಡದಲ್ಲ, ಮಳೆನೀರು ನಿಲ್ಲುವ ಹೊಂಡ, ಅಷ್ಟೇ. ಏರಿಯ ಮೇಲೆ ದನ ತುಳಿದು ಮಾಡಿದ ಕಾಲುದಾರಿ. ಅದರ ಕೊನೆಯಲ್ಲಿ ಒಂದು ಅರಳಿ ಮರ, ಬೇವಿನ ಮರ, ಕೆಳಗೆ ನಾಗರಕಲ್ಲುಗಳು. ಸುಮಿತ್ರಾ ಕೂಡ ಬೆಳಿಗ್ಗೆ ಅಲ್ಲೇ ಇರುತ್ತಿದ್ದರು. ನಾನು ಏರಿಯ ಆ ತುದಿ ಮುಟ್ಟಿ ವಾಪಸು ಬರುವಷ್ಟರಲ್ಲಿ ಅವರು ಒಂದು ಮಾರು ಮುಂದೆ ಹೋಗಿರುತ್ತಿದ್ದರು. ಹುಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣಿಗೆ ಭೂತಗನ್ನಡಿ ಹಿಡಿದಿರುತ್ತಿದ್ದರು.

"ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?" ಎಂದು ಮೊದಲ ದಿನ ಕೇಳಿದ್ದೆ.

"ಇಲ್ರೀ ಸಾವ್ಕಾರ್ರ, ಸಿಕ್ಕೈತಿ. ಅದಽ ಹೌದೋ ಅಲ್ಲೋ ಅಂತ ನೋಡಾಕತ್ತೀನಿ. ಬರ್ರಿ ಇಲ್ಲೆ, ಕುಂದರ್ರಿ."

ಕೂತೆ. ನಿತ್ಯ ಮೆಟ್ಟಿಕೊಂಡು ಹೋಗುತ್ತಿದ್ದ ಹುಲ್ಲಿನೊಳಗೆ ಗೇಣುದ್ದದ ಗಿಡವೊಂದಿತ್ತು. ಹೂವಿಲ್ಲದಿದ್ದರೆ ಅದನ್ನು ಹುಲ್ಲೆಂದೇ ಅನ್ನಬೇಕು. ಮಸೂರದಡಿ ಹಿಡಿದಾಗ, ಒಂದೇ ಎಸಳು ಎಂದುಕೊಂಡಿದ್ದ ಹೂವಿಗೆ ಐದು ಕಂಡವು. ನಾಲ್ಕು ಎಸಳು ಉಗುರಿನ ಚೂರಿನಂತೆ ಮುದುಡಿ ಮೇಲೆ ಅಡಗಿದ್ದವು. ಐದನೆಯದು ಮಾತ್ರ ಅಗಲವಾಗಿ, ಸನಿಕೆಯ ಹಾಗೆ ಕೆಳಗೆ ಚಾಚಿತ್ತು. ಇದರ ಜಾತಿಯವು ಥಂಡಿ ದೇಶಗಳಲ್ಲಿ ವಯಲೆಟ್ ಎಂದು ಹೆಸರುವಾಸಿಯಂತೆ, ಅಲ್ಲಿ ಜನ ಅವನ್ನು ಹುಡುಕಿಕೊಂಡು ನಡೆಯುತ್ತಾರಂತೆ. ನಮ್ಮಲ್ಲಿ ಬಿಸಿಲಿಗೆ ಬಡಕಲಾಗಿ ಈ ರೂಪದಲ್ಲಿದೆ, ಹೆಸರು ಪುರುಷರತ್ನ. ನನ್ನ ಬಳಿ ಲೋಡು ಇಳಿಸುತ್ತಿದ್ದ ತಮಿಳಿನವನೊಬ್ಬ ನೋಡಿದ ಕೂಡಲೇ "ಓರಿದಳ್ ತಾಮರೈ" ಎಂದ, ಒಂಟಿ ಎಸಳಿನ ತಾವರೆ ಎಂದು ಅರ್ಥ. ನನಗೆ ಆ ಹೆಸರೇ ಹಿಡಿಸಿತು.

ಸುಮಿತ್ರಾ ಅವರ ತಲೆಬಿಸಿ ಹೆಸರಲ್ಲ. ಏರಿಯುದ್ದಕ್ಕೂ ಇದ್ದ ಗಿಡಗಳು ನೆಟ್ಟಗೆ ನಿಂತಿದ್ದವು, ಎಲೆ ಕಿರಿದು, ಹೂವು ಗಾಢ. ನಾಗರಕಲ್ಲಿನ ಸುತ್ತ ಮಾತ್ರ ಒಂದಿಷ್ಟು ಗಿಡಗಳು ನೆಲಕ್ಕೆ ಒರಗಿ ಹಬ್ಬಿದ್ದವು, ಎಲೆ ಅಗಲ, ಹೂವು ಬಿಳಿಚಿಕೊಂಡದ್ದು. ಇವೆರಡೂ ಬೇರೆ ಬೇರೆ ಎಂಬುದು ಅವರ ವಾದ. ಅವರ ಮಾರ್ಗದರ್ಶಕರು ಒಂದೇ ಎನ್ನುತ್ತಿದ್ದರಂತೆ. ಇಬ್ಬರ ಜಗಳ ಹೂವಿನಲ್ಲಿ ತೀರುವಂಥದ್ದಲ್ಲ, ಬೀಜದಲ್ಲಿ ತೀರಬೇಕು; ಬೀಜದ ಮೈಮೇಲಿನ ಗೆರೆ ಸುಳ್ಳು ಹೇಳುವುದಿಲ್ಲ ಎಂದು ನನಗೆ ವಿವರಿಸಿದರು. ನೆಟ್ಟಗಿನ ಗಿಡದ ಬೀಜ ಆಗಲೇ ಅವರ ಬಳಿಯಿತ್ತು. ನಾಗರಕಲ್ಲಿನದು ಇನ್ನೂ ಹಸಿರುಕಾಯಿ.

"ಎರಡೂ ಒಂದೇ ಕಣಮ್ಮ," ಎಂದೆ ನಾನು. "ಒಂದೇ ಮಣ್ಣು, ಒಂದೇ ಅಚ್ಚು, ಆದ್ರೂ ಗೂಡಿನ ಮಧ್ಯದ ಇಟ್ಟಿಗೆ ಕೆಂಪಗೆ ಬರುತ್ತೆ, ಅಂಚಿಂದು ಬಿಳಿಚಿಕೊಳ್ಳುತ್ತೆ. ಮಾರೋನು ಎರಡಕ್ಕೂ ಎರಡು ಹೆಸರು ಹೇಳ್ತಾನೆ. ಕೊಳ್ಳೋನು ನಂಬಬಾರದು. ಅಲ್ಲಿ ಮರದ ನೆರಳಿದೆ, ಹಾಲು ತುಪ್ಪ ಹುಯ್ತಾರೆ. ಗಿಡ ಕೊಬ್ಬಿದೆ, ಅಷ್ಟೇ."

"ನೋಡೂಣ್ರೀ," ಎಂದು ನಕ್ಕರು. "ಕಾಯಿ ಹಣ್ಣಾಗ್ಲಿ. ಆಮ್ಯಾಲೆ ನೀವು ಗೆದ್ರೋ ನಾ ಗೆದ್ನೋ ಗೊತ್ತಾಗ್ತೈತಿ."

ನಗುತ್ತಿದ್ದರೂ ಅವರಿಗೆ ಅದು ಪಂಥವಾಗಿರಲಿಲ್ಲ. ಆ ವರ್ಷದ ಕೊನೆಯೊಳಗೆ ಪ್ರಬಂಧ ಒಪ್ಪಿಸಿದರೆ ಕಾಲೇಜಿನಲ್ಲಿ ಕೆಲಸ ಕಾಯಂ. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಒಂದು ಅಧ್ಯಾಯ ಈ ಗಿಡದ ಮೇಲೆ ನಿಂತಿತ್ತು; ಬೀಜ ತೋರಿಸದೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಮುಂದಿನ ಮಳೆಗಾಲದವರೆಗೆ ಕಾಯುವ ಹಾಗೂ ಇರಲಿಲ್ಲ, ಏಕೆಂದರೆ ಏರಿಯ ಮೇಲೆ ರಸ್ತೆ ಬರುವುದಿತ್ತು. ನವರಾತ್ರಿ ಮುಗಿದ ಕೂಡಲೇ ಏರಿಯನ್ನು ತರಿದು ಬಡಾವಣೆಗೆ ನೇರ ದಾರಿ ಮಾಡುವುದೆಂದು ನಕ್ಷೆಯಾಗಿತ್ತು. ಕಂಟ್ರಾಕ್ಟರು ಕೃಷ್ಣಾರೆಡ್ಡಿ ಎಂಬುವರು. ಜಲ್ಲಿ ನನ್ನದೇ. ಆ ರಸ್ತೆ ನನಗೆ ಬೇಕಾಗಿತ್ತು, ಅದನ್ನು ನಾನು ಸುಮಿತ್ರಾ ಅವರಿಂದ ಮುಚ್ಚಿಡಲೂ ಇಲ್ಲ. ಅವರು, "ರಸ್ತೆ ಬ್ಯಾಡ ಅನ್ನಾಕ ನಾ ಯಾರ್ರೀ? ನಂಗೂ ಕಾಲೇಜಿಗೆ ಹೋಗಾಕ ಬಸ್ಸು ಬೇಕು," ಎಂದಿದ್ದರು.

ಶ್ರಾವಣ ಕಳೆಯಿತು. ಆ ಸಲ ಮಳೆ ಹಟ ಹಿಡಿದ ಹಾಗೆ ಸಣ್ಣಗೆ, ಬಿಡದೆ ಬರುತ್ತಿತ್ತು. ಮರಳು ಒಣಗದು, ಲಾರಿ ಹೂತುಕೊಳ್ಳುವುದು, ನನಗೆ ಕೆಲಸ ಕಡಿಮೆ. ಹಾಗಾಗಿ ಏರಿಯ ಮೇಲೆ ಹೆಚ್ಚು ಹೊತ್ತು ಇರುತ್ತಿದ್ದೆ. ಕಾಯಿಗಳ ಗಾತ್ರ ನೋಡುವುದು ನನಗೂ ರೂಢಿಯಾಯಿತು. ಕಾಯಿ ಬಲಿತರೆ ತಾನಾಗಿಯೇ ಮೂರು ಹೋಳಾಗಿ ಸೀಳಿ ಬೀಜವನ್ನು ದೂರ ಎಸೆದುಬಿಡುತ್ತದೆ, ಅದಕ್ಕೆ ಮುಂಚೆ ಬಟ್ಟೆಯ ಚೀಲ ಕಟ್ಟಬೇಕು ಎಂದು ಸುಮಿತ್ರಾ ಹೇಳಿದ್ದರು. ಚೀಲ ಹೊಲಿದು ಇಟ್ಟಿದ್ದರು ಕೂಡ. ಒದ್ದೆ ಬಟ್ಟೆಯಲ್ಲಿ ಕಾಯಿ ಕೊಳೆತುಹೋಗುತ್ತದೆಂದು ಮಳೆ ಬಿಡುವುದನ್ನು ಕಾಯುತ್ತಿದ್ದರು. ಅಲ್ಲಿಯತನಕ ಗುರುತಿರಲಿ ಎಂದು, ಸ್ವೆಟರ್ ಹೆಣೆದು ಉಳಿದಿದ್ದ ಹಳದಿ ಉಲ್ಲನ್ ದಾರವನ್ನು ನಾಗರಕಲ್ಲಿನ ಸುತ್ತಲಿನ ಪ್ರತಿ ಗಿಡದ ಬುಡಕ್ಕೂ ಕಟ್ಟಿದರು. ಹಸಿರಿನಲ್ಲಿ ಹಳದಿ ಚೆನ್ನಾಗಿ ಕಾಣುತ್ತಿತ್ತು. ಗೌರಿ ಹಬ್ಬದ ಹಿಂದಿನ ಸಂಜೆ ಅದು.

ಗಣೇಶನ ಹಬ್ಬದ ಬೆಳಿಗ್ಗೆ ನಾನು ಪೂಜೆಗೆ ಕೂರುವ ಮೊದಲು ಅವರು ಬಾಗಿಲಲ್ಲಿ ನಿಂತಿದ್ದರು. ಸೀರೆಯ ಅಂಚೆಲ್ಲ ಕೆಸರು.

"ಒಂದೂ ಇಲ್ರೀ," ಎಂದರು. "ಬೇರು ಸಮೇತ ಕಿತ್ಕೊಂಡು ಹೋಗ್ಯಾರ."

ಹೋಗಿ ನೋಡಿದೆ. ಹೌದು. ನಾಗರಕಲ್ಲಿನ ಸುತ್ತ ಸಣ್ಣ ಸಣ್ಣ ಗುಳಿ, ಪ್ರತಿ ಗುಳಿಯಲ್ಲೂ ಒಂದು ಚಿಟಿಕೆ ಅರಿಶಿನ, ನಾಲ್ಕು ಕಾಳು ಅಕ್ಕಿ. ಅಷ್ಟು ಮರ್ಯಾದೆಯ ಕಳ್ಳತನ ನಾನು ನೋಡಿರಲಿಲ್ಲ. ಅರಿಶಿನ ಕಂಡದ್ದೇ ಕಿತ್ತವರು ಯಾರೆಂದು ನನಗೆ ಗೊತ್ತಾಯಿತು. ನಾಗರಕಲ್ಲಿಗೆ ದಿನಾ ನೀರು ಹಾಕುತ್ತಿದ್ದವರು ಒಬ್ಬರೇ, ಹಳೇ ಊರಿನ ಮುನಿಯಮ್ಮನವರು. ಲೇಔಟ್ ಆಗಿದ್ದೆಲ್ಲ ಒಂದು ಕಾಲಕ್ಕೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ನೆಲ.

ಹಬ್ಬದ ದಿನ ಯಾರ ಮನೆಗೂ ಪಂಚಾಯಿತಿ ತೆಗೆದುಕೊಂಡು ಹೋಗಬಾರದು. ಮರುದಿನ ಹೋದೆವು. ಮುನಿಯಮ್ಮ ನಡುಮನೆಯಲ್ಲಿ ಗಣೇಶನ ಎದುರು ಬತ್ತಿ ಹೊಸೆಯುತ್ತಿದ್ದರು. ಸುಮಿತ್ರಾ ಅವರನ್ನು ಕಂಡವರೇ ಗದರಿಕೊಂಡರು.

"ಏನವ್ವಾ, ಓದಿರೋಳು ನೀನು. ಮೂಲಿಕೆಗೆ ದಾರ ಕಟ್ಟಿ ಕರೆದ್ಬುಟ್ಟು ಬರ್ದೇ ಓಗೋದಾ? ಕರೆದ ಮ್ಯಾಲೆ ಮಾರ್ನೆ ದಿನ ಒತ್ತಾರೆ ಬಂದು ತಕ್ಕೊಂಡೋಗ್ಬೇಕು. ಇಲ್ದಿದ್ರೆ ಗಿಡ ಮುನಿಸ್ಕೊತದೆ. ನಾನ್ ಗೌರಿ ಅಬ್ಬದ ದಿನ ಪೂರ್ತಿ ನೋಡ್ದೆ. ನೀನ್ ಬರ್ನಿಲ್ಲ. ಅದ್ಕೇ ಸ್ನಾನ ಮಾಡ್ಕೊಂಡು ಓಗಿ ನಾನೇ ಕಿತ್ತು ಗಣಪ್ಪನಿಗೆ ಇಕ್ದೆ."

ಔಷಧದ ಬೇರು ಕೀಳುವವರು ಹಿಂದಿನ ಸಂಜೆ ಗಿಡಕ್ಕೆ ಅರಿಶಿನದ ದಾರ ಕಟ್ಟಿ, ನಾಳೆ ಬರುತ್ತೇನೆಂದು ಹೇಳಿ, ಬೆಳಗ್ಗೆ ಬಂದು ತೆಗೆಯುವ ಪದ್ಧತಿ ನಮ್ಮ ಕಡೆ ಇತ್ತು. ಅದು ಸುಮಿತ್ರಾ ಅವರಿಗೆ ಹೊಳೆದಿರಲಿಲ್ಲ. ಉಲ್ಲನ್ ದಾರವನ್ನು ಯಾರಾದರೂ ಹಾಗೆ ಓದಿಕೊಂಡಾರು ಎಂದು ನನಗೂ ಹೊಳೆದಿರಲಿಲ್ಲ. ಕರೆಸಿಕೊಂಡ ಗಿಡ ಕಾಯುತ್ತಾ ಕೂರಬಾರದೆಂದು ಮುನಿಯಮ್ಮ ಕಿತ್ತಿದ್ದರು. ಆ ಸಲ ಹುಲ್ಲು ಮುಚ್ಚಿ ವಿಷ್ಣುಕ್ರಾಂತಿ ಸಿಕ್ಕಿರಲಿಲ್ಲವಂತೆ. ಇದೂ ಅದೇ ಬಣ್ಣದ್ದು, ಮೇಡಮ್ಮು ಹಬ್ಬಕ್ಕೆಂದೇ ಕರೆದಿರಬೇಕೆಂದು ಅಕ್ಕಪಕ್ಕದ ಮನೆಗಳಿಗೂ ಹಂಚಿದ್ದರು. ಆ ಮನೆಗಳ ಗಣೇಶ ನಿನ್ನೆ ಸಂಜೆಯೇ ಪತ್ರೆ ಸಮೇತ ಕುಂಟೆಗೆ ಬಿದ್ದಾಗಿತ್ತು.

ಉಳಿದಿದ್ದು ಮುನಿಯಮ್ಮನವರದು ಒಂದೇ. ಅವರ ಮನೆಯಲ್ಲಿ ಗಣೇಶನನ್ನು ಹತ್ತು ದಿನ, ಅನಂತನ ಹಬ್ಬದವರೆಗೆ ಇಟ್ಟುಕೊಳ್ಳುವುದು ರೂಢಿ. ಏರಿಸಿದ ಪತ್ರೆ ಹೂವನ್ನೆಲ್ಲ ಪಕ್ಕದ ಬಿದಿರುಬುಟ್ಟಿಯಲ್ಲಿ ತುಂಬಿ, ಕೊನೆಗೆ ಗಣೇಶನ ಜೊತೆಗೇ ನೀರಿಗೆ ಬಿಡುವುದು. ಬುಟ್ಟಿ ಅಲ್ಲೇ ಇತ್ತು. ಹಳದಿ ದಾರದ ತುದಿ ಕಾಣುತ್ತಿತ್ತು.

ಸುಮಿತ್ರಾ ನನ್ನ ಮುಖ ನೋಡಿದರು. ಮಾತು ಆಡುವುದು ನನ್ನ ಕಸುಬು.

"ಅಮ್ಮಾ, ನಿರ್ಮಾಲ್ಯ ಅಂದ್ರೆ ಪ್ರಸಾದ ತಾನೆ? ಈ ಹೆಣ್ಮಗಳಿಗೆ ಒಂದಿಷ್ಟು ಕೊಡಿ," ಎಂದೆ.

"ಊವು ಕೊಡ್ತೀನಿ, ಮುಡ್ಕೊಳ್ಳಿ."

"ಹೂವಲ್ಲ. ಆ ದಾರ ಕಟ್ಟಿರೋ ಗಿಡ."

"ದ್ಯಾವ್ರಿಗೆ ಇಕ್ಕಿದ್ದನ್ನ ವಾಪಸ್ ಕೇಳ್ತೀಯಲ್ಲಪ್ಪ ನಾರಾಣಪ್ಪ. ಜಲ್ಲಿ ಲೋಡು ಅಂದ್ಕೊಂಡ್ಯಾ?"

ಅಂಗಳಕ್ಕೆ ಮರಳು ಹೊಡೆಸಿಕೊಡುತ್ತೇನೆಂದೆ. ಬೇಡ ಎಂದರು. ಹಿತ್ತಲ ಗೋಡೆ ಬಿದ್ದಿದೆ, ಇಟ್ಟಿಗೆ ಹಾಕಿಸುತ್ತೇನೆಂದೆ. ಬಿದ್ದ ಗೋಡೆಯ ಮೇಲೆ ಕುಂಬಳ ಬಳ್ಳಿ ಚೆನ್ನಾಗಿ ಬಂದಿದೆ ಎಂದರು. ನಾನು ಬಾಯಿ ತೆರೆದರೆ ಎದುರಿನವರ ಬೇಡಿಕೆ ಏನೆಂದು ಅರ್ಧ ಗಂಟೆಯಲ್ಲಿ ತಿಳಿದುಬಿಡುತ್ತಿತ್ತು. ಅಲ್ಲಿ ತಿಳಿಯಲಿಲ್ಲ. ಆಗ ಸುಮಿತ್ರಾ ನೆಲದ ಮೇಲೆ ಕೂತರು.

"ಅಮ್ಮಾರ, ಆ ಗಿಡದ ಬೀಜ ನೋಡಿದ್ರ ನನ್ನ ಓದು ಮುಗೀತೈತ್ರಿ. ಓದು ಮುಗಿದ್ರ ನೌಕರಿ ಕಾಯಂ ಆಗ್ತೈತಿ. ಇಲ್ಲಂದ್ರ ನಾ ಊರಿಗೆ ಹೋಗಬೇಕಾಗ್ತೈತಿ. ಇಷ್ಟಽ ರೀ."

ಮುನಿಯಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನಿಂಗೆ ಜಾಗ ಕಾಯಂ ಆಗ್ಬೇಕು. ನಮ್ಮಪ್ಪ ನಾಗಪ್ಪಂಗೆ ಇದ್ದ ಜಾಗಾನೇ ಓಯ್ತದೆ. ರೋಡ್ ಮಾಡೋರು ಕಲ್ಲು ಎತ್ತಿ ಬೇರೆ ಕಡೆ ಮಡಗ್ತಾರಂತೆ. ಕೂತಿರೋ ದ್ಯಾವ್ರನ್ನ ಎಬ್ಬಿಸಿ ಆಕಡೆ ಓಗು ಅಂತಾರಂತೆ. ನಾನ್ ಯಾರ್ನ ಕೇಳ್ಲಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀನ್ ತಾನೆ ಅದ್ಕೆ ಜಲ್ಲಿ ಆಕೋನು?"

ಬೇಡಿಕೆ ಗೊತ್ತಾಯಿತು. ಗೊತ್ತಾದ ಮೇಲೆ ಸುಮ್ಮನಿರಬೇಕಿತ್ತು. ವ್ಯಾಪಾರದಲ್ಲಿ ಇದು ಮೊದಲ ಪಾಠ, ನಾನು ಎಲ್ಲರಿಗೂ ಹೇಳುವುದೂ ಇದನ್ನೇ: ಕೊಡಲಾಗದ್ದನ್ನು ಎದುರಿನವರು ಕೇಳಿದಾಗ ನೀರು ಕೇಳಿ ಕುಡಿದು ಎದ್ದು ಬನ್ನಿ. ನಾನು ನೀರು ಕೇಳಿದೆ. ಕುಡಿದೆ. ಏಳಲಿಲ್ಲ.

"ರಸ್ತೆ ಕಲ್ಲಿಗೆ ತಾಗದ ಹಾಗೆ ಮಾಡಿಸಿದ್ರೆ?" ಎಂದೆ.

"ಮಾಡ್ಸು. ಬುಟ್ಟಿ ಇಲ್ಲೇ ಐತೆ. ಅನಂತನ ಅಬ್ಬದವರ್ಗೂ ಎಲ್ಲೂ ಓಗಲ್ಲ."

ಕೃಷ್ಣಾರೆಡ್ಡಿಯವರು ಏರಿಯ ಕೆಳಗೆ ಟೆಂಟು ಹಾಕಿಸುತ್ತಿದ್ದರು. ವಿಷಯ ಹೇಳಿದೆ. ಹುಚ್ಚು ಹಿಡಿಯಿತೇ ಎನ್ನುವಂತೆ ನೋಡಿದರು.

"ಏಮಪ್ಪಾ ನಾರಾಯಣಪ್ಪ, ಇಂಜಿನಿಯರ್ ಸ್ಕೇಲ್ ಇಟ್ಟು ಗೀಚಿದಾನೆ. ನೇರ ರೋಡು. ಕಲ್ಲು ಬಿಟ್ಟು ತಿರುಗಿಸಬೇಕು ಅಂದ್ರೆ ಯಾವ ಕಡೆ ತಿರುಗಿಸಲಿ? ಒಂದು ಕಡೆ ಕುಂಟೆ. ಇನ್ನೊಂದು ಕಡೆ ನಿನ್ನ ಸೈಟು."

"ನನ್ನ ಸೈಟಿನ ಮೂಲೆ ಬಿಟ್ಟುಕೊಡ್ತೀನಿ."

ಅವರು ಬೀಡಿ ಹಚ್ಚಿಕೊಂಡರು. "ಯಾವ ದೇವರ ಹರಕೆ?"

"ಹರಕೆ ಅಲ್ಲ. ಒಂದು ಬೀಜ ನೋಡಬೇಕಾಗಿದೆ."

ಇಷ್ಟು ವರ್ಷದ ಮೇಲೂ ಆ ನಿರ್ಧಾರದ ಲೆಕ್ಕ ನನಗೆ ಸರಿಯಾಗಿ ಕೂಡಿಲ್ಲ. ಸುಮಿತ್ರಾ ಅವರ ಕೆಲಸ ಉಳಿಯಲಿ ಎಂದಿತ್ತು, ಸುಳ್ಳಲ್ಲ. ಮುನಿಯಮ್ಮನವರ ಕಲ್ಲು ಕೀಳಿಸಿದ ಹೆಸರು ನನ್ನ ಜಲ್ಲಿಗೆ ಅಂಟಬಾರದು ಎಂದೂ ಇತ್ತು. ಇವೆರಡಕ್ಕಿಂತ ದೊಡ್ಡದು ಬೇರೆ ಇತ್ತೆಂದು ಕಾಣುತ್ತದೆ. ಎರಡೂ ಒಂದೇ ಎಂದು ನಾನು ಹೇಳಿದ್ದೆ. ಅದು ಹೌದೋ ಅಲ್ಲವೋ ನನಗೂ ಗೊತ್ತಾಗಬೇಕಿತ್ತು. ಮೂಲೆ ಹೋದ ಸೈಟಿಗೆ ಎರಡು ಕಡೆ ರಸ್ತೆ ಸಿಗುತ್ತದೆ, ಅಂಗಡಿಗೆ ಒಳ್ಳೆಯದು ಎಂದು ಮನೆಯಲ್ಲಿ ಹೆಂಡತಿಗೆ ವಿವರಿಸಿದೆ. ಅವಳು ನಂಬಲಿಲ್ಲ. ಅಂಗಡಿ ನಿಜವಾಗಿ ಬಂದಿದ್ದು ಎಷ್ಟೋ ವರ್ಷಗಳ ನಂತರ.

ರೆಡ್ಡಿಯವರು ಇಂಜಿನಿಯರನ್ನು ಹೇಗೆ ಒಪ್ಪಿಸಿದರೋ ಕೇಳಲಿಲ್ಲ. ಹೊಸ ಗುರುತಿನ ಗೂಟಗಳನ್ನು ನೆಟ್ಟ ದಿನ ಮುನಿಯಮ್ಮನವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಗೂಟದಿಂದ ಕಲ್ಲಿಗೆ ಎಷ್ಟಿದೆ ಎಂದು ಅವರೇ ಹೆಜ್ಜೆ ಹಾಕಿ ನೋಡಿದರು. ಒಂದು ಗೂಟ ಹತ್ತಿರವಾಯಿತೆಂದು ತಕರಾರು ತೆಗೆದು, ಕಿತ್ತು, ನನ್ನ ಸೈಟಿನೊಳಗೆ ಇನ್ನಷ್ಟು ಒಳಕ್ಕೆ ತಾವೇ ನೆಟ್ಟರು. ನಾನು ಜೀವಮಾನದಲ್ಲಿ ಕಂಡ ಗಟ್ಟಿ ವ್ಯಾಪಾರಸ್ಥರಲ್ಲಿ ಅವರೊಬ್ಬರು.

ಅನಂತನ ಹಬ್ಬದ ಹಿಂದಿನ ಮಧ್ಯಾಹ್ನ ನಮ್ಮಿಬ್ಬರನ್ನೂ ಕರೆಸಿದರು. ಗಣೇಶನಿಗೆ ಕೈಮುಗಿದು, "ಕೇಳೋರು ಕೇಳವ್ರೆ ಕಣಪ್ಪ, ನಿಂದು ನಿಂಗೇ ಇರ್ಲಿ, ಕಾಳು ಮಾತ್ರ ಕೊಡ್ತೀನಿ," ಎಂದು ಹೇಳಿ ಬುಟ್ಟಿಯನ್ನು ಜಗಲಿಗೆ ತಂದರು. ಆಗಲೇ ಆ ವಾಸನೆ ಬಂದದ್ದು. ಮೇಲಿನ ಹೂವೆಲ್ಲ ಕೊಳೆತಿತ್ತು. ಒಂದೊಂದಾಗಿ ತೆಗೆದರು. ಹಳದಿ ದಾರದ ಗಿಡಗಳು ಅಡಿಯಲ್ಲಿ ಒಣಗಿ ಕಡ್ಡಿಯಾಗಿದ್ದವು. ಸುಮಿತ್ರಾ ಒಂದನ್ನು ಬೆಳಕಿಗೆ ಹಿಡಿದರು. ಕಾಯಿಗಳೆಲ್ಲ ಮೂರು ಹೋಳಾಗಿ ಬಾಯಿ ಬಿಟ್ಟಿದ್ದವು. ಒಳಗೆ ಏನೂ ಇರಲಿಲ್ಲ.

"ಹಾರಿಹೋಗ್ಯಾವ್ರೀ," ಎಂದರು. ಅಷ್ಟೇ. ಆ ಧ್ವನಿ ಕೇಳಿ ನಾನು ಬೀದಿಯ ಕಡೆ ನೋಡಿದೆ.

"ಬುಟ್ಟಿಯೊಳಗಿಂದ ಆರಿ ಎಲ್ಲಿಗವ್ವಾ ಓಯ್ತವೆ?" ಎಂದರು ಮುನಿಯಮ್ಮ. ಮೊರ ತಂದರು. ಬುಟ್ಟಿಯ ತಳದಲ್ಲಿದ್ದ ಪುಡಿಯನ್ನೆಲ್ಲ ಮೊರಕ್ಕೆ ಸುರಿದರು. ಅಕ್ಷತೆ, ಕುಂಕುಮದ ಚೂರು, ತುಂಬೆ ಹೂವಿನ ಹೊಟ್ಟು, ಕರ್ಪೂರದ ಮಸಿ. ಕಾಲು ಚಾಚಿ ಕೂತು ಕೇರತೊಡಗಿದರು. ಹೊಟ್ಟು ಮುಂದೆ ಹಾರಿತು. ಅಕ್ಕಿಕಾಳು ಹಿಂದಕ್ಕೆ ಸರಿಯಿತು. ಮೊರವನ್ನು ಓರೆ ಮಾಡಿ ಬೆರಳಿಂದ ತಟ್ಟಿದಾಗ ಅಕ್ಕಿಯ ಅಂಚಿನಿಂದ ಗಸಗಸೆಗಿಂತ ತುಸು ದೊಡ್ಡದಾದ ಹಳದಿ ಬಿಳುಪಿನ ಕಾಳುಗಳು ಒಂದೊಂದೇ ಉರುಳಿ ಮೂಲೆಗೆ ಬಂದು ನಿಂತವು. ಸುಮಿತ್ರಾ ಅಂಗೈ ಒಡ್ಡಿದರು.

ಮರುದಿನ ಸಂಜೆ ಅವರು ಕಾಲೇಜಿನಿಂದ ಬಂದಾಗ ನಾನು ಲಾರಿಯ ಹತ್ತಿರ ನಿಂತಿದ್ದೆ. ಕೇಳುವುದಿಲ್ಲವೆಂದು ತೀರ್ಮಾನಿಸಿದ್ದೆ. ಅವರೇ ಬಂದರು.

"ಎರಡಲ್ರೀ ಸಾವ್ಕಾರ್ರ. ಒಂದಽ."

"ಒಂದೇನಾ?"

"ಗೆರಿ ಎಲ್ಲಾ ಒಂದಽ. ಮೈಕ್ರೋಸ್ಕೋಪಿನಾಗ ಇಟ್ಟು ಮತ್ತ ಮತ್ತ ನೋಡಿದೆ. ನೆರಳಿಗೆ, ಗೊಬ್ಬರಕ್ಕ ಗಿಡ ಹಂಗ ಆಗೈತಿ."

"ಹಂಗಾದ್ರೆ ನಾನು ಹೇಳಿದ್ದೇ ಸರಿ," ಎಂದೆ. ಸೈಟಿನ ಮೂಲೆ ಹೋದ ಮೇಲೆ ಅಷ್ಟಾದರೂ ಹೇಳಿಕೊಳ್ಳಬೇಡವೇ.

"ಸರಿ ಐತ್ರಿ. ಆದ್ರ ನೀವು ನೋಡಿ ಹೇಳಿದ್ದಲ್ಲ. ಈಗ ನೋಡೀವಿ."

"ಈಗ ನಿಮ್ಮ ಅಧ್ಯಾಯ?"

"ಸಣ್ಣದಾತು," ಎಂದು ಕೀಲಿ ತೆಗೆದು ಒಳಗೆ ಹೋದರು. ಅವರು ಅತ್ತಿರಬಹುದು, ಇಲ್ಲದಿರಬಹುದು. ಸ್ವಲ್ಪ ಹೊತ್ತಿಗೆ ಒಗ್ಗರಣೆಯ ವಾಸನೆ ಬಂತು.

ಎರಡು ಬೇರೆ ಎಂದು ಬರೆದಿದ್ದನ್ನು ಹೊಡೆದುಹಾಕಿ ಒಂದೇ ಎಂದು ಬರೆದರು. ಮಾರ್ಗದರ್ಶಕರು ಸಹಿ ಹಾಕಿದರು. ಕೆಲಸ ಕಾಯಂ ಆಯಿತು. ಬೇರೆ ಊರಿಗೆ ವರ್ಗವಾಗುವವರೆಗೆ ನಮ್ಮ ಮನೆಯಲ್ಲೇ ಇದ್ದರು; ಬಾಡಿಗೆ ಏರಿಸುವ ವಿಷಯದಲ್ಲಿ ಮಾತ್ರ ಪ್ರತಿ ವರ್ಷ ಜಗಳವಾಡುತ್ತಿದ್ದರು, ಚೆನ್ನಾಗಿ ಆಡುತ್ತಿದ್ದರು. ನವರಾತ್ರಿ ಮುಗಿದ ಮೇಲೆ ರೋಡ್‌ರೋಲರ್ ಬಂತು. ಏರಿ ನೆಲಸಮವಾಯಿತು. ನೆಟ್ಟಗಿನ ಗಿಡಗಳು, ಅವುಗಳ ಜೊತೆ ತುಂಬೆ, ವಿಷ್ಣುಕ್ರಾಂತಿ ಎಲ್ಲವೂ ನನ್ನ ಜಲ್ಲಿಯ ಅಡಿಗೆ ಹೋದವು. ಮುಂದಿನ ಮಳೆಗಾಲದಲ್ಲಿ ನಾಗರಕಲ್ಲಿನ ಸುತ್ತ ಮಾತ್ರ, ಕೀಳುವ ಮೊದಲೇ ಯಾವುದೋ ಕಾಯಿ ಎಸೆದಿದ್ದ ಬೀಜದಿಂದಿರಬೇಕು, ಮತ್ತೆ ಹುಟ್ಟಿತು.

ಹೋದ ವರ್ಷ ಆ ಪತ್ರೆಯ ಕವರು ಹಿಡಿದು ಆಟೋದಲ್ಲಿ ಬರುವಾಗ ಆ ದಾರಿಯಲ್ಲೇ ಹೋಗೆಂದೆ. ಕುಂಟೆ ಇಲ್ಲ. ಅದರ ಮೇಲೆ ಒಂದು ಕಲ್ಯಾಣ ಮಂಟಪ. ಮುನಿಯಮ್ಮನವರೂ ಹೋಗಿ ಬಹಳ ಕಾಲವಾಯಿತು. ಬಾಣದ ಹಾಗೆ ನೇರ ಬರುವ ರಸ್ತೆ ಅರಳಿ ಮರದ ಮುಂದೆ ಒಮ್ಮೆಗೇ ಎಡಕ್ಕೆ ಸೊಟ್ಟಗಾಗುತ್ತದೆ, ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಹುಡುಗ ಡ್ರೈವರು. ಎದುರಿಗೆ ನೀರಿನ ಟ್ಯಾಂಕರು ಬಂದು ಗಕ್ಕನೆ ಬ್ರೇಕ್ ಹಾಕಿದ.

"ಯಾವ ತಲೆಕೆಟ್ಟೋನು ಗುರು ಇಲ್ಲಿ ರೋಡ್ ತಿರುಗ್ಸಿರೋದು? ದಿನಾ ಇದೇ ಗೋಳು. ಕಾರಣಾನೇ ಇಲ್ಲ."

ನಾನು ಇಳಿದೆ. ನಾಗರಕಲ್ಲಿನ ಸುತ್ತ ಈಗ ಕಬ್ಬಿಣದ ಕಟಕಟೆ ಇದೆ. ಬೀದಿದೀಪದ ಬೆಳಕಿನಲ್ಲಿ ಕಂಬಿಯ ನಡುವೆ ಕೈ ತೂರಿಸಿ ಹುಲ್ಲು ಸರಿಸಿದೆ. ಇತ್ತು. ಎಲೆ ಅಗಲ, ಹೂವು ಬಿಳಿಚಿಕೊಂಡದ್ದು. ಕಾಯಿ ಇನ್ನೂ ಹಸಿರು.

"ಏನ್ ಅಂಕಲ್, ಏನಾದ್ರೂ ಬಿತ್ತಾ?"

"ಇಲ್ಲಪ್ಪ," ಎಂದು ಬಂದು ಕೂತೆ. "ನಿಧಾನಕ್ಕೆ ಹೋಗು. ಇಲ್ಲಿ ಹಾರ್ನ್ ಹೊಡೆದು, ಎಡಗಡೆ ನೋಡಿಕೊಂಡು ತಿರುಗಿಸಬೇಕು."